ಪೀಣ್ಯದ ಶೆಡ್ಡುಗಳಲ್ಲಿ ಹುಟ್ಟಿದ ಆರ್ಯಭಟ

ನಮ್ಮ ಪ್ರೌಢಶಾಲೆ ಆರಂಭವಾದದ್ದು 1975ರಲ್ಲಿ. ಅದೇ ವರ್ಷ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಆರ್ಯಭಟ ಬಾನಿಗೇರಿತು. ಅಂದರೆ ನಮ್ಮ ಶಾಲೆಯೂ ಆರ್ಯಭಟವೂ ಒಂದೇ ವಾರಿಗೆಯವು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಪ್ಪಾ ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಇದೇ.

ನಾನು ಎಂಟನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಜೇಬಿನಿಂದ ಹಳೆಯ ಎರಡು ರೂಪಾಯಿ ನೋಟೊಂದನ್ನು ತೆಗೆದು, ಹಿಂಬದಿ ತಿರುಗಿಸಿ, "ಇದೇನು ಹೇಳಿ ನೋಡೋಣ" ಎಂದರು. ಒಬ್ಬ ವಜ್ರ ಅಂದ, ಇನ್ನೊಬ್ಬ ಗೂಡುದೀಪ ಅಂದ. "ಉಪಗ್ರಹ ಕಣ್ರೋ, ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಮಾಡಿದ್ದು" ಎಂದಾಗ ಇಡೀ ತರಗತಿ ನಕ್ಕಿತು. ಏಕೆಂದರೆ ಪೀಣ್ಯ ನಮಗೆಲ್ಲ ಗೊತ್ತಿತ್ತು. ನಮ್ಮೂರಿನಿಂದ ಲೇತ್ ಮೆಷಿನ್ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋದವರೆಲ್ಲ ಇಳಿಯುತ್ತಿದ್ದ ಜಾಗ ಅದು. ನನ್ನ ಸೋದರಮಾವನೂ ಅಲ್ಲೇ ಇದ್ದ. ಅಲ್ಲಿ ನಟ್ಟು ಬೋಲ್ಟು ಮಾಡುತ್ತಾರೆ, ಉಪಗ್ರಹ ಎಲ್ಲಿಂದ ಬಂತು?

ಮೇಷ್ಟ್ರು ಹೇಳಿದ್ದು ನಿಜ. ಕೆಲಸಕ್ಕೆ ಸೇರಿ, ನಾನೂ ಒಂದು ಪ್ರಾಜೆಕ್ಟಿನ ನೊಗ ಹೊತ್ತ ಮೇಲೆ ಆ ಕಥೆಯನ್ನು ಮತ್ತೆ ಹುಡುಕಿ ಓದಿದೆ.

ಆ ಯೋಜನೆಯ ಮುಂದಾಳು ಪ್ರೊ. ಯು. ಆರ್. ರಾವ್. ಉಡುಪಿ ಜಿಲ್ಲೆಯ ಅದಮಾರಿನವರು, 1932ರಲ್ಲಿ ಹುಟ್ಟಿದವರು. ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ಅಹಮದಾಬಾದಿನಲ್ಲಿ ಸಂಶೋಧನೆ ಮಾಡಿ, ಅಮೆರಿಕದಲ್ಲಿ ಕೆಲವು ವರ್ಷ ಇದ್ದು, 1966ರಲ್ಲಿ ಹಿಂದಿರುಗಿದ್ದರು. ಉಪಗ್ರಹ ಕಟ್ಟುವ ಹೊಣೆಯನ್ನು ಅವರಿಗೆ ಒಪ್ಪಿಸಿದ್ದ ಸಾರಾಭಾಯಿ 1971ರ ಡಿಸೆಂಬರ್ ಕೊನೆಯಲ್ಲಿ ದಿಢೀರನೆ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು. ಉಪಗ್ರಹ ನಾವು ಕಟ್ಟಬೇಕು, ಅವರು ತಮ್ಮ ರಾಕೆಟ್ಟಿನಲ್ಲಿ ಹಾರಿಸಿಕೊಡುತ್ತಾರೆ. ಅದೇ ವರ್ಷ ಇಸ್ರೋದ ಅಧ್ಯಕ್ಷರಾದ ಸತೀಶ್ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಕೆಲಸವೂ ಬೆಂಗಳೂರಿಗೆ ಬಂತು.

ಬಂದದ್ದು ದೊಡ್ಡ ಕಟ್ಟಡಕ್ಕಲ್ಲ, ಪೀಣ್ಯದ ಕೈಗಾರಿಕಾ ಶೆಡ್ಡುಗಳಿಗೆ. ನಮ್ಮ ಮಾವನಂಥವರು ದುಡಿಯುತ್ತಿದ್ದಂಥದೇ ಶೆಡ್ಡು. ಅದರೊಳಗೇ ಧೂಳು ನುಗ್ಗದ ಸ್ವಚ್ಛ ಕೊಠಡಿ ಮಾಡಿಕೊಳ್ಳಬೇಕು, ಪರೀಕ್ಷೆಯ ಸಲಕರಣೆ ಹೊಂದಿಸಬೇಕು. ತಂಡದಲ್ಲಿದ್ದವರು ಬಹುಪಾಲು ಇಪ್ಪತ್ತರ ಪ್ರಾಯದ ಹುಡುಗ ಹುಡುಗಿಯರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಉಪಗ್ರಹವನ್ನು ಕಣ್ಣಿಂದ ನೋಡಿದವರೂ ಅಲ್ಲ. ನಾಯಕರಿಗೇ ಆಗ ನಲವತ್ತು. ಗಡುವು ಮೂರು ವರ್ಷವೂ ಇರಲಿಲ್ಲ, ಹಣ ಮೂರು ಕೋಟಿಯ ಆಸುಪಾಸು. ಈ ಮೂರೂ ಸಂಗತಿಯನ್ನು ಇಂದು ಯಾವುದಾದರೂ ಕಂಪನಿಯ ಮೀಟಿಂಗಿನಲ್ಲಿ ಮುಂದಿಟ್ಟರೆ ಆಗುವುದಿಲ್ಲ ಸ್ವಾಮಿ ಎಂದು ಎದ್ದು ಹೋಗುತ್ತಾರೆ. ನಾನಂತೂ ಮೊದಲು ಏಳುವವನು.

ಅವರು ಕಟ್ಟಿದ್ದು 26 ಮುಖಗಳ, 360 ಕಿಲೋ ತೂಕದ ಯಂತ್ರ. ಐವತ್ತು ಕಿಲೋದ ಏಳು ಅಕ್ಕಿ ಮೂಟೆಯ ಲೆಕ್ಕ. ಸೌರಫಲಕ, ಬ್ಯಾಟರಿಗಳಂಥ ಕೆಲವು ಭಾಗ ಸೋವಿಯತ್ ಕಡೆಯಿಂದ ಬಂದವು. ಉಳಿದದ್ದೆಲ್ಲ ಇಲ್ಲಿಯದೇ. ಆಕಾಶಕಾಯಗಳಿಂದ ಬರುವ ಎಕ್ಸ್ ಕಿರಣ, ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣ, ಮೇಲ್ವಾತಾವರಣ ಇವುಗಳ ಅಧ್ಯಯನಕ್ಕೆಂದು ಮೂರು ಉಪಕರಣ ಒಳಗಿದ್ದವು. ಹೆಸರನ್ನು ಆರಿಸಿದವರು ಪ್ರಧಾನಿ ಇಂದಿರಾ ಗಾಂಧಿ. (ಎತ್ತಿನ ಗಾಡಿಯ ಮೇಲೆ ಉಪಗ್ರಹ ಕೂತಿರುವ ಚಿತ್ರವನ್ನು ಆರ್ಯಭಟ ಎಂದು ಹಲವರು ವಾಟ್ಸಾಪಿನಲ್ಲಿ ಹಂಚುತ್ತಾರೆ. ಅದು 1981ರಲ್ಲಿ ಹಾರಿದ ಆ್ಯಪಲ್. ಲೋಹವಿಲ್ಲದ ವಾಹನದ ಮೇಲಿಟ್ಟು ಪರೀಕ್ಷಿಸಬೇಕಾಗಿತ್ತು, ಅದಕ್ಕೇ ಮರದ ಗಾಡಿ. ಬಡತನದಿಂದಲ್ಲ.)

ನನಗೆ ತುಂಬ ಹಿಡಿಸಿದ ಸಂಗತಿ ಬೇರೆ. ಉಪಗ್ರಹ ಕಳಿಸುವ ಮಾಹಿತಿಯನ್ನು ಬೆಂಗಳೂರಿನಲ್ಲಿ ಪಡೆಯಲು ಕೇಂದ್ರ ಬೇಕಿತ್ತು, ಜಾಗವಿರಲಿಲ್ಲ. ಅಲ್ಲಿದ್ದ ಒಂದು ಶೌಚಾಲಯವನ್ನೇ ಆ ಕೇಂದ್ರವಾಗಿ ಮಾರ್ಪಡಿಸಿದರು. ಇದನ್ನು ಕೇಳಿ ಎಲ್ಲರೂ ನಗುತ್ತಾರೆ. ನಾನೂ ನಕ್ಕೆ. ಆಮೇಲೆ ಯೋಚನೆ ಬಂತು: ಆ ಕೋಣೆಯ ನಲ್ಲಿ ಕಿತ್ತವರು, ಗೋಡೆಗೆ ಸುಣ್ಣ ಬಳಿದವರು, ವೈರ್ ಎಳೆದವರು ಯಾರು? ರಾವ್ ಅವರ ಹೆಸರು ಇಂದು ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೇ ಇದೆ, ಇರಲೇಬೇಕು. ವೈರ್ ಎಳೆದವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಈ ಯೋಚನೆ ಬರಲು ನನ್ನದೇ ಒಂದು ತಪ್ಪು ಕಾರಣ. ನಾಲ್ಕು ವರ್ಷದ ಹಿಂದೆ ಮೊದಲ ಬಾರಿ ಒಂದು ತಂಡ ನನ್ನ ಕೈಗೆ ಬಂತು, ಒಂಬತ್ತು ಜನ. ಒಂದು ರಾತ್ರಿ ಕೆಲಸ ಮುಗಿದು, ಬೆಳಗಿನ ಜಾವ ಎಲ್ಲ ಸರಿಹೋಗಿ, ಮೇಲಿನವರಿಗೆಲ್ಲ ಧನ್ಯವಾದದ ಮೇಲ್ ಕಳಿಸಿದೆ. ಎಂಟು ಹೆಸರು ಬರೆದಿದ್ದೆ. ಬಿಟ್ಟುಹೋದದ್ದು ಪರೀಕ್ಷಾ ವಿಭಾಗದ ಹೆಣ್ಣುಮಗಳದು. ಆ ರಾತ್ರಿ ಎರಡು ಗಂಟೆಗೆ ದೊಡ್ಡದೊಂದು ದೋಷ ಹಿಡಿದವಳು ಅವಳೇ. ಆಕೆ ಒಂದು ಮಾತೂ ಆಡಲಿಲ್ಲ. ಮೂರು ದಿನದ ಮೇಲೆ ಬೇರೊಬ್ಬರು ಹೇಳಿ ನನಗೆ ಗೊತ್ತಾಯಿತು. ಮತ್ತೊಂದು ಮೇಲ್ ಕಳಿಸಿದೆ, ಎದುರಿಗೆ ಹೋಗಿ ಕ್ಷಮೆಯನ್ನೂ ಕೇಳಿದೆ. "ಪರವಾಗಿಲ್ಲ ಬಿಡಿ" ಅಂದಳು. ಎರಡನೇ ಮೇಲನ್ನು ಯಾರೂ ಓದುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅದಕ್ಕೆ ಮೊದಲು ನಾನೂ ಕೆಳಗಿನ ಸಾಲಿನಲ್ಲಿದ್ದವನೇ. ಮ್ಯಾನೇಜರ್ ಎಂದರೆ ಗಡಿಯಾರ ನೋಡಿಕೊಂಡು ಹಿಂದೆ ಬೀಳುವವನು ಎಂದು ನಾವೆಲ್ಲ ಕ್ಯಾಂಟೀನಿನಲ್ಲಿ ಬೈಯುತ್ತಿದ್ದೆವು. ಒಮ್ಮೆ ನಾನು ಬರೆದ ಪ್ರೋಗ್ರಾಮಿನಿಂದ ಗ್ರಾಹಕರ ಕೆಲಸ ಅರ್ಧ ದಿನ ನಿಂತಿತು. ಮೀಟಿಂಗಿನಲ್ಲಿ ಯಾರು ಮಾಡಿದ್ದು ಎಂದು ಕೇಳಿದರು. ನಮ್ಮ ಮ್ಯಾನೇಜರ್ "ನಾನು ಸರಿಯಾಗಿ ನೋಡದೆ ಒಪ್ಪಿಗೆ ಕೊಟ್ಟೆ" ಎಂದು ಸುಮ್ಮನಾದರು. ನನ್ನ ಹೆಸರು ಹೊರಗೆ ಬರಲೇ ಇಲ್ಲ. ಅವರಿಗೆ ನಾನು ಧನ್ಯವಾದ ಹೇಳಿದೆನೇ ಎಂದು ನೆನಪು ಮಾಡಿಕೊಂಡರೆ, ಇಲ್ಲ. ಈ ಸಂಚಿಕೆ ಅವರ ಕೈಗೆ ತಲುಪಿಸುತ್ತೇನೆ.

ಇನ್ನು ಆರ್ಯಭಟ. ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಹಾರಿ ಸರಿಯಾಗಿ ಕಕ್ಷೆ ಸೇರಿತು. ಭೂಮಿಯನ್ನು ಸುಮಾರು ಒಂದೂವರೆ ಗಂಟೆಗೊಮ್ಮೆ ಸುತ್ತುತ್ತಿತ್ತು. ಆದರೆ ಐದನೇ ದಿನ ವಿದ್ಯುತ್ ಪೂರೈಕೆ ಕೆಟ್ಟು ಆ ಮೂರು ಪ್ರಯೋಗಗಳು ನಿಂತವು. ಎರಡೂವರೆ ವರ್ಷದ ದುಡಿಮೆಗೆ ಸಿಕ್ಕಿದ್ದು ನಾಲ್ಕು ದಿನದ ಪ್ರಯೋಗ. ನಮ್ಮ ಕಡೆ ಹೀಗಾದರೆ ಮಾರನೆಯ ದಿನವೇ ತಂಡ ಚದುರಿಸುತ್ತಾರೆ. ಅಲ್ಲಿ ಚದುರಿಸಲಿಲ್ಲ. ಉಪಗ್ರಹವನ್ನು ಕಟ್ಟಬಲ್ಲ, ಪರೀಕ್ಷಿಸಬಲ್ಲ, ನೆಲದಿಂದ ನಡೆಸಬಲ್ಲ ಜನ ತಯಾರಾಗಿದ್ದರು. ಆ ಅನುಭವದ ಮೇಲೆಯೇ ಭೂಮಿಯನ್ನು ನೋಡುವ ಭಾಸ್ಕರ-1 ಸಿದ್ಧವಾಗಿ 1979ರ ಜೂನ್ 7ರಂದು ಹಾರಿತು, 1981ರಲ್ಲಿ ಭಾಸ್ಕರ-2. ರಾವ್ 1984ರಿಂದ ಹತ್ತು ವರ್ಷ ಇಸ್ರೋ ನಡೆಸಿದರು, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಆರ್ಯಭಟ 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಮರಳಿ ಸುಟ್ಟುಹೋಯಿತು. ಆಗ ನಾನು ಮೂರು ವರ್ಷದ ಮಗು. ಹೋದ ತಿಂಗಳು ಊರಿಗೆ ಬಂದಾಗ ಮೇಷ್ಟ್ರ ಮನೆಗೆ ಹೋಗಿದ್ದೆ. ಆ ನೋಟು ಇನ್ನೂ ಅವರ ಬಳಿ ಇದೆ, ಪಂಚಾಂಗದ ನಡುವೆ. ಸೋದರಮಾವನೂ ಜೊತೆಗಿದ್ದ. ನೋಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಪೀಣ್ಯದಲ್ಲಿ ಯಾವ ಶೆಡ್ಡು ಅಂತೆ?" ಎಂದು ಕೇಳಿದ.