ಯಾವ ಇಸವಿಯ ಉತ್ತರ?

ಹೋದ ವರ್ಷದ ಪಂಚಾಂಗ ನೋಡಿ ಮದುವೆಗೆ ಮುಹೂರ್ತ ಇಡುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲುಂಟೇ ಎಂಬ ಪ್ರಶ್ನೆಗೆ ಯಾವ ಇಸವಿಯ ಉತ್ತರ ಸಿಕ್ಕರೂ ಒಪ್ಪಿಕೊಂಡುಬಿಡುತ್ತೇವೆ. ಈಗಂತೂ ಉತ್ತರ ಹೇಳಲು ಮೊಬೈಲಿನೊಳಗೇ ಕೃತಕ ಬುದ್ಧಿಮತ್ತೆಯ ಸಹಾಯಕ ಕುಳಿತಿದ್ದಾನೆ. ಕೇಳಿದ್ದನ್ನು ಅಂತರ್ಜಾಲದಲ್ಲಿ ತಾನೇ ಹುಡುಕಿ, ನಾಲ್ಕಾರು ಕಡೆ ಓದಿ, ಚೆಂದದ ಉತ್ತರ ಕಟ್ಟಿಕೊಡುತ್ತಾನೆ. ಅವನು ಓದಿದ್ದು ಎಂದಿನ ಬರಹ ಎಂದು ಮಾತ್ರ ನಾವು ಕೇಳುವುದಿಲ್ಲ.

ಶಿರಸಿ ತಾಲ್ಲೂಕಿನ ದಾಸನಕೊಪ್ಪದಲ್ಲಿ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಹೀಗೆ ಕೇಳಿದಳು. ಅವಳ ಮದುವೆಯಾದದ್ದು 1992ರಲ್ಲಿ, ತಂದೆ ತೀರಿಕೊಂಡದ್ದು 1998ರಲ್ಲಿ. ಅಜ್ಜನ ಕಾಲದ ಗದ್ದೆ ಇನ್ನೂ ಪಾಲಾಗಿಲ್ಲ. ತಂದೆ 2005ಕ್ಕೆ ಮೊದಲೇ ತೀರಿದ್ದರೆ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕಿಲ್ಲ ಎಂದು ಉತ್ತರ ಬಂತು. “ಅಕ್ಕಾ, ನಂಗಿಲ್ಲಂತೆ” ಎಂದು ಮೊಬೈಲನ್ನು ನನ್ನ ಕೈಗಿತ್ತಳು. 2016ರಲ್ಲಿ ಕೇಳಿದ್ದರೆ ಆ ಉತ್ತರ ಸರಿಯೇ ಆಗಿತ್ತು.

ಈ ಹಕ್ಕಿನ ಚರಿತ್ರೆಯೇ ಹಾಗೆ, ಇಸವಿ ಬದಲಾದಂತೆ ಮಾತು ಬದಲಾಗಿದೆ. ಊರು ಬದಲಾದರೂ ಬದಲಾಗುತ್ತಿದ್ದ ಕಾಲವೊಂದಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೆಂದು ಕಾನೂನು ಮಾಡಿತು. ಪಕ್ಕದ ಸೊರಬಕ್ಕೆ ಅದು ಅನ್ವಯಿಸುತ್ತಿತ್ತು, ಮುಂಬಯಿ ಪ್ರಾಂತ್ಯದಲ್ಲಿದ್ದ ಶಿರಸಿಗೆ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಭಾಗಕ್ಕೆ ಮಗಳನ್ನೂ ವಾರಸುದಾರಳನ್ನಾಗಿ ಮಾಡಿತು. ಆದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಪಾಲು ಗಂಡುಮಕ್ಕಳದ್ದಾಗಿಯೇ ಉಳಿಯಿತು.

ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಮಗಳೂ ಮಗನಂತೆಯೇ ಎಂದಿತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆಗ ಆಷಾಢ. ಆ ವರ್ಷ ವೈಶಾಖದಲ್ಲಿ ಧಾರೆಯೆರೆಸಿಕೊಂಡ ಅಕ್ಕನಿಗೆ ಇಲ್ಲದ ಪಾಲು, ಕಾರ್ತೀಕದಲ್ಲಿ ಮದುವೆಯಾದ ತಂಗಿಗೆ ಉಂಟು! ಈ ತಾರತಮ್ಯ ಹೋದದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಿಂದ.

ಮುಂದೆ ತಂದೆಯ ಸಾವಿನ ತಾರೀಖಿನ ತಕರಾರು ಬಂತು. ಬೆಳಗಾವಿಯ ಕೋರ್ಟಿನಲ್ಲಿ 1992ರಲ್ಲಿ ಹೂಡಿದ್ದ ದಾವೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಆ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದು 2015ರ ಅಕ್ಟೋಬರಿನಲ್ಲಿ ತೀರ್ಪಾಯಿತು. ಅದೇ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣ. 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು 2001ರಲ್ಲಿ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ನಮ್ಮ ರಾಜ್ಯದಿಂದ ಹೋದ ಮೊಕದ್ದಮೆಗಳೇ. ಕಡೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು. ಹಕ್ಕು ಹುಟ್ಟಿನಿಂದ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದಿತು. 2015ರ ತೀರ್ಪು ಅಲ್ಲಿಗೆ ರದ್ದಾಯಿತು.

ರದ್ದಾಯಿತೇ ಹೊರತು ಅಳಿಸಿಹೋಗಲಿಲ್ಲ. ಅದರ ಪ್ರತಿ ಅಂತರ್ಜಾಲದಲ್ಲಿ ಹಾಗೇ ಇದೆ. ಅದನ್ನು ನಂಬಿ ಐದು ವರ್ಷ ಬರೆದ ಲೇಖನಗಳೂ ಇವೆ, ಕೆಲವಕ್ಕೆ ತಾರೀಖೇ ಇಲ್ಲ. ಯಂತ್ರದ ತಲೆಗೆ ತುಂಬಿದ ಓದೂ ಒಂದು ದಿನಕ್ಕೆ ನಿಂತಿರುತ್ತದೆ, ಆಮೇಲಿನದನ್ನು ಅದು ಹುಡುಕಿಯೇ ತಿಳಿಯಬೇಕು. ಹುಡುಕುವಾಗ ಹಳೆಯದು ಕೈಗೆ ಸಿಕ್ಕರೆ ಹಳೆಯದನ್ನೇ ಹೊಸ ದನಿಯಲ್ಲಿ ಹೇಳುತ್ತದೆ. ನನಗೆ ಭಯವಾಗುವುದು ಆ ದನಿಯ ಧೈರ್ಯಕ್ಕೆ. ಹಳೆ ಪುಸ್ತಕವಾದರೆ ಹಾಳೆ ಹಳದಿಯಾಗಿ ತನ್ನ ವಯಸ್ಸು ತಾನೇ ಹೇಳುತ್ತಿತ್ತು.

ನಾವಿಬ್ಬರೂ ಕುಳಿತು ಮತ್ತೆ ಕೇಳಿದೆವು. ಇದನ್ನು ಎಲ್ಲಿಂದ ತೆಗೆದದ್ದು, ಅದು ಯಾವ ವರ್ಷದ ಬರಹ, ಆಮೇಲೆ ಈ ತೀರ್ಪು ಬದಲಾಗಿದೆಯೇ? ಉತ್ತರ ತಿರುಗಿತು. ಅಷ್ಟಕ್ಕೇ ನಂಬದೆ, ತಿದ್ದುಪಡಿಯಾದ 6ನೆಯ ಕಲಮನ್ನು ಸರಕಾರದ ಇಂಡಿಯಾ ಕೋಡ್ ತಾಣದಲ್ಲಿ ತೆರೆದು ಓದಿದೆವು.

ಪಹಣಿಯದೂ ಇದೇ ಕಥೆ. ಭೂಮಿ ಯೋಜನೆಯಲ್ಲಿ 2002ರ ಹೊತ್ತಿಗೆ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದವು. ಅದಕ್ಕೂ ಮುಂಚಿನ ಕೈಬರಹದ ಪ್ರತಿಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿಟ್ಟ ಮನೆಗಳು ಈಗಲೂ ಇವೆ. ಅದರ ಫೋಟೋ ತೆಗೆದು ಯಂತ್ರಕ್ಕೆ ತೋರಿಸಿದರೆ ಅದು ಓದುವುದು ಅಂದಿನ ಯಜಮಾನನ ಹೆಸರನ್ನೇ. ಹೊಸ ಪ್ರತಿ ತೆಗೆಸಬೇಕು, ಅದರಲ್ಲಿ ಅಚ್ಚಾದ ದಿನ ನೋಡಬೇಕು. ಇನ್ನೊಂದು ಮಾತು, ಪಹಣಿಯಲ್ಲಿ ಹೆಸರಿಲ್ಲವೆಂದರೆ ಹಕ್ಕೇ ಇಲ್ಲ ಎಂದಲ್ಲ. ಮ್ಯುಟೇಶನ್ ಆಗುವವರೆಗೆ ಹೆಸರು ಅಲ್ಲಿ ಕಾಣುವುದಿಲ್ಲ, ಅಷ್ಟೆ.

ಅವಳ ಅಣ್ಣಂದಿರು ಈಗ, ಪಾಲು ಎಂದೋ ಬಾಯಿಮಾತಿನಲ್ಲಿ ಆಗಿಹೋಗಿದೆ ಎನ್ನುತ್ತಿದ್ದಾರಂತೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಕಾನೂನು ಮುಟ್ಟುವುದಿಲ್ಲ. ಬಾಯಿಮಾತಿನ ಪಾಲನ್ನು ಮಾತ್ರ ಸರಕಾರಿ ದಾಖಲೆಯ ಆಧಾರವಿಲ್ಲದೆ ಒಪ್ಪಲಾಗದೆಂದು 2020ರ ಅದೇ ತೀರ್ಪು ಹೇಳಿದೆ. ಶಿರಸಿಯ ವಕೀಲರೊಬ್ಬರ ಹತ್ತಿರ ಹೋಗುವಾಗ ತೀರ್ಪಿನ ಆ ಪುಟವನ್ನೂ, ಹೊಸ ಪಹಣಿಯನ್ನೂ ಚೀಲದಲ್ಲಿಟ್ಟುಕೊಂಡು ಹೋದಳು.