ರಾಗ ಮತ್ತು ವಾತ್ಸಲ್ಯ: ವಿಜಯಪುರ ಸೀಮೆಯ ಕೆಲವು ಸಾಕ್ಷಿಗಳು

ಮನುಷ್ಯರು ಪರಸ್ಪರ ಪ್ರೀತಿಸುವುದೇಕೆ ಎಂಬ ಪ್ರಶ್ನೆಗೆ ಜೈನ ಶಾಸ್ತ್ರಕಾರರು ಒಂದೇ ಉತ್ತರವನ್ನು ಕೊಟ್ಟಿಲ್ಲ. ಲೋಕವು ಪ್ರೀತಿಯೆಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೋಹನೀಯ ಕರ್ಮದ ಉದಯದಿಂದ ಹುಟ್ಟಿದ ರಾಗ. ಮಾಯೆ, ಲೋಭಗಳು ಅದರೊಳಗೇ ಅಡಗಿವೆ ಎನ್ನುತ್ತಾರೆ. ಹಾಗಿದ್ದೂ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯಕ್ಕೆ ಸ್ಥಾನವಿತ್ತು, ಹಸುವಿಗೆ ಕರುವಿನ ಮೇಲಿರುವ ಅಕ್ಕರೆಯನ್ನು ಅದಕ್ಕೆ ಹೋಲಿಸಿದ್ದಾರೆ. ಸಕಲ ಜೀವಿಗಳಲ್ಲಿ ಮೈತ್ರಿಯನ್ನು ಭಾವಿಸಬೇಕೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ವಿಧಿಸಿದ್ದಾರೆ. ರಾಗವನ್ನು ಬಿಡಬೇಕು, ವಾತ್ಸಲ್ಯವನ್ನು ಬೆಳೆಸಬೇಕು. ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುವಾಗ ಗೃಹಸ್ಥನು ಅವನ್ನು ಗುರುತಿಸುವ ಬಗೆ ಹೇಗೆ?

1659ರಲ್ಲಿ ಆದಿಲ್‌ಶಾಹಿ ಸೇನಾನಿ ಅಫಜಲಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೊರಟನು. ತಾನು ಮರಳಿ ಬರುವುದಿಲ್ಲವೆಂಬ ಜ್ಯೋತಿಷಿಗಳ ಮಾತನ್ನು ನಂಬಿ, ತನ್ನ ಬಳಿಕ ಪತ್ನಿಯರು ಪರರ ಪಾಲಾಗಬಾರದೆಂದು ಅವರನ್ನೆಲ್ಲ ಕೊಲ್ಲಿಸಿದನೆಂಬುದು ಐತಿಹ್ಯ. ವಿಜಯಪುರದ ಜನ ‘ಸಾಠ್ ಕಬರ್’ ಎಂದು ಕರೆಯುವ ಸ್ಥಳವು ಅದೇ. ಕಥೆಯಲ್ಲಿ ಎಷ್ಟು ಪಾಲು ನಿಜವೆಂಬುದು ಬೇರೆ ಮಾತು; ಒಂದೇ ಅಳತೆಯ ಗೋರಿಗಳ ಸಾಲುಗಳಂತೂ ಕಣ್ಣೆದುರಿಗಿವೆ. ಖಾನನು ಅದೇ ವರ್ಷ ಪ್ರತಾಪಗಡದಲ್ಲಿ ಹತನಾದನು.

ಈತನನ್ನು ಕ್ರೂರಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಐತಿಹ್ಯವು ಅವನಿಗೆ ಆರೋಪಿಸುವ ಕಾರಣವನ್ನು ಗಮನಿಸಬೇಕು. ಅಲ್ಲಿ ದ್ವೇಷದ ಸೊಲ್ಲಿಲ್ಲ. ‘ನನ್ನವರು’ ಎಂಬ ಮಮಕಾರವೊಂದೇ ಇದೆ. ಮಗಳು ತನ್ನಿಚ್ಛೆಯ ವರನನ್ನು ಆರಿಸಿಕೊಂಡಳೆಂದು ಬಾಗಿಲು ಮುಚ್ಚುವ ತಂದೆಯೂ, ಮಗನು ಪರಸ್ಥಳದ ಉದ್ಯೋಗಕ್ಕೆ ಹೊರಟರೆ ಅನ್ನನೀರು ಬಿಡುವ ತಾಯಿಯೂ, ಆಸ್ತಿಯ ಪತ್ರವನ್ನು ಮುಂದಿಟ್ಟುಕೊಂಡು ಮಕ್ಕಳನ್ನು ಅಂಕೆಯಲ್ಲಿಡುವ ಹಿರಿಯನೂ ತಮ್ಮದು ಪ್ರೀತಿಯೆಂದೇ ಹೇಳುತ್ತಾರೆ. ಅಳತೆಯಲ್ಲಿ ಅಜಗಜಾಂತರವಿದೆ, ನಿಜ. ಬೀಜ ಮಾತ್ರ ಬೇರೆಯಲ್ಲ.

ಅದೇ ನಗರದ ಇಬ್ರಾಹಿಂ ರೋಜಾದಲ್ಲಿ ಇನ್ನೊಂದು ಬಗೆಯ ಸಾಕ್ಷಿಯಿದೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಸಲುವಾಗಿ ಆರಂಭವಾದ ಕಟ್ಟಡವಿದು. ಕಟ್ಟಿದವನು ಮಲಿಕ್ ಸಂದಲ್. ವ್ಯಾಪಾರಿ ಕುಟುಂಬಗಳಿಗೆ ಮೆಚ್ಚುಗೆಯಾಗುವ ಸಂಗತಿಯೆಂದರೆ, ಅಲ್ಲಿನ ಪಾರ್ಸಿ ಶಾಸನವು ಖರ್ಚಿನ ಲೆಕ್ಕವನ್ನೂ ಒಪ್ಪಿಸಿದೆ: ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900. ರಾಣಿಗೆಂದು ಎತ್ತಿದ ಗುಮ್ಮಟದ ಕೆಳಗೆ ಸುಲ್ತಾನನೂ, ಅವನ ತಾಯಿಯೂ, ಮಕ್ಕಳೂ ಮಲಗಿದ್ದಾರೆ. ಹೆಸರು ಉಳಿಯಬೇಕೆಂಬ ಆಸೆ ಇದರಲ್ಲಿ ಇಲ್ಲದಿಲ್ಲ. ಆದ್ದರಿಂದ ಶಾಸ್ತ್ರದೃಷ್ಟಿಗೆ ಇದೂ ರಾಗವೇ. ಆದರೂ ಒಬ್ಬಳಿಗಾಗಿ ಮೀಸಲಿಟ್ಟ ನೆರಳನ್ನು ಮನೆಮಂದಿಯೆಲ್ಲ ಹಂಚಿಕೊಂಡರೆಂಬಲ್ಲಿ ಮಮಕಾರದ ಬಿಗಿ ಸಡಿಲಿದೆ.

ಬಿಗಿಯೇ ಇಲ್ಲದ ಪ್ರೀತಿ ಗೃಹಸ್ಥರ ಲೋಕದಲ್ಲಿ ಅಪರೂಪ. ಅದನ್ನು ಕಾಣಲು ತಿಕೋಟಾ ತಾಲೂಕಿನ ಬಿಜ್ಜರಗಿಯತ್ತ ತಿರುಗಬೇಕಾಗುತ್ತದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಹುಟ್ಟಿದ ಊರದು. ಅವರ ಬಿಳಿಯ ಅಂಗಿಗೆ ಜೇಬಿರಲಿಲ್ಲವೆಂಬುದನ್ನು ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗರೆಲ್ಲ ಬಲ್ಲರು. ಅಪರಿಗ್ರಹವನ್ನು ಅಣುವ್ರತವಾಗಿ ಕೇಳಿ ಬೆಳೆದ ಜೈನ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ವಿನಯದಿಂದ ಒಲ್ಲೆನೆಂದರು. (ದಾನಿಗಳ ಹೆಸರನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಕೊರೆಸಬೇಕೆಂದು ಬಸದಿಯ ಟ್ರಸ್ಟಿಗಳಲ್ಲಿ ಚರ್ಚೆಯೆದ್ದಾಗ ಈ ಸಂಗತಿಯನ್ನು ನೆನೆಯಬಹುದು.)

ಜನರು ಅವರನ್ನು ಪ್ರೀತಿಸಿದುದೇಕೆ? ಅವರಿಂದ ಪಡೆಯಬೇಕಾದ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಕೇಳಲು ಬಂದವನು ಬೇಕಾದಾಗ ಎದ್ದು ಹೋಗಬಹುದಾಗಿತ್ತು. ಎದ್ದು ಹೋಗಲು ಬಿಡುವವನ ಬಳಿಗೇ ಮನುಷ್ಯನು ಮತ್ತೆ ಮತ್ತೆ ಬರುತ್ತಾನೆಂಬುದಕ್ಕೆ ಆ ಜನಸಮೂಹಕ್ಕಿಂತ ಬೇರೆ ಪುರಾವೆ ಬೇಡ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನರು ವಿಜಯಪುರಕ್ಕೆ ಹರಿದು ಬಂದರು.

ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಿ ಭಸ್ಮವನ್ನು ನದಿಯಲ್ಲೋ ಸಾಗರದಲ್ಲೋ ವಿಸರ್ಜಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಗುಮ್ಮಟಗಳ ಊರಿನಲ್ಲಿ ಬರೆದ ಮಾತಿದು. ಮರುದಿನ ಆಶ್ರಮದಲ್ಲಿಯೇ ಅಗ್ನಿಸಂಸ್ಕಾರವಾಯಿತು. ಭಸ್ಮವು ಕೂಡಲಸಂಗಮದ ಹೊಳೆಯನ್ನೂ ಗೋಕರ್ಣದ ಕಡಲನ್ನೂ ಸೇರಿತು.