ಹತ್ತಿ ಇಳಿದ ಘಟ್ಟ, ಡಾಲ್ಫಿನ್ ಸುಳಿಯುವ ಕಡಲು

ನಮ್ಮ ಹುಬ್ಬಳ್ಳಿ ಮಂದಿಗೆ ಸಮುದ್ರ ಅಂದ್ರ ಕಾರವಾರ. ಈಗ ನಾವು ದೋಣಿ ಹತ್ತಿ ಡಾಲ್ಫಿನ್ ನೋಡಲು ಹೋಗುತ್ತೇವೆ. ಮುತ್ತಜ್ಜಂದಿರ ಕಾಲಕ್ಕೆ ಹೋಗುತ್ತಿದ್ದದ್ದು ಹತ್ತಿಯ ಅಂಡಿಗೆ.

ಧಾರವಾಡ ಸೀಮೆಯ ಹತ್ತಿ ಮೊದಲು ಕುಮಟೆಗೆ ಇಳಿಯುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಬೆಳೆದವರು ನಾವು, ಹೆಸರು ಅವರದು! ಅಮೆರಿಕದ ಅಂತರ್ಯುದ್ಧದಿಂದ ಲಂಕಾಶೈರ್ ಗಿರಣಿಗಳಿಗೆ ಹತ್ತಿ ಬಾರದಾದಾಗ ನಮ್ಮ ಹತ್ತಿಗೆ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರಕ್ಕೆ ದೊಡ್ಡ ಬಂದರಾಗುವ ಉಮೇದು ಬಂತು. 1880ರ ದಶಕದ ಕೊನೆಗೆ ರೈಲು ಕ್ಯಾಸಲ್‌ರಾಕ್ ದಾಟಿ ಗೋವೆಯ ಮುರಗಾವಿಗೆ ಮುಟ್ಟಿತು; ಹತ್ತಿಯೂ ಆ ಕಡೆ ಹೊರಳಿತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಕಾಗದದ ಮೇಲೇ ಓಡುತ್ತಿದೆ ಬಿಡಿ.

ನಂಟು ಮಾತ್ರ ಹರಿದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಅಲ್ಲೇ ಹತ್ತಿರ, ಕಾಳಿ ನದಿ ಸಮುದ್ರ ಸೇರುವಲ್ಲಿ, ಗೂನುಬೆನ್ನಿನ ಡಾಲ್ಫಿನ್‌ಗಳು ಮೀನಿಗಾಗಿ ಸುಳಿಯುತ್ತವೆ. ದೋಣಿಯವನಿಗೆ ಎಂಜಿನ್ ಬಂದ್ ಮಾಡಪಾ ಅನ್ನಬೇಕು. ಬೂದು ಗೂನು, ಅದರ ಮೇಲಿನ ಪುಟ್ಟ ರೆಕ್ಕೆ, ‘ಪುಸ್’ ಎಂಬ ಉಸಿರು, ಆಮೇಲೆ ಬರೀ ನೀರು. ದೊಡ್ಡ ತಿಮಿಂಗಿಲವೇ ಬೇಕೆಂದು ಹಟ ಹಿಡಿದವರಿಗೆ ನಿರಾಸೆ ಖಚಿತ: ಅದು ನಮ್ಮ ದಂಡೆಗೆ ಬರುವುದು ಹೆಚ್ಚಾಗಿ ಸತ್ತ ಮೇಲೆ.